ಟೊಂಕದ ಮೇಲೊಂದು ಕಿಲೋ

ನಮ್ಮ ಕಡೆಯ ಗಂಡಸರ ಟೊಂಕ ಎಂದೂ ಖಾಲಿ ಇದ್ದದ್ದಲ್ಲ. ಉಡದಾರಕ್ಕೆ ತಿಜೋರಿಯ ಕೀಲಿ, ದೋತರದ ಮಡಿಕೆಯಲ್ಲಿ ನಾಲ್ಕಾಗಿ ಮಡಚಿದ ನೋಟು, ಬಂಡಿಯ ಒಳಕಿಸೆಯಲ್ಲಿ ತೊಗರಿ ಮಾರಿದ ಚೀಟಿ, ಮಗ್ಗುಲಿಗೆ ಎಲೆ ಅಡಿಕೆಯ ಸಂಚಿ, ಸಂಚಿಯೊಳಗೆ ಸುಣ್ಣದ ಡಬ್ಬಿ, ತಂಬಾಕು, ಅಡಕತ್ತರಿ. ಇಷ್ಟನ್ನೂ ಹೊತ್ತುಕೊಂಡೇ ನಮ್ಮ ಮುತ್ಯಾಗಳು ಹೊಲಕ್ಕೆ ಹೋಗುತ್ತಿದ್ದರು, ಪಂಚಾಯ್ತಿ ಮಾಡುತ್ತಿದ್ದರು, ಕಟ್ಟೆಯ ಮೇಲೆ ಅಡ್ಡಾಗಿ ಒಂದು ನಿದ್ದೆಯನ್ನೂ ತೆಗೆಯುತ್ತಿದ್ದರು. ಭಾರವಾಯಿತೆಂದು ಒಬ್ಬರಾದರೂ ಗೊಣಗಿದ್ದು ನೆನಪಿಲ್ಲ. ಹಾಗಾಗಿ ಪಿಸ್ತೂಲು ಯಾದಗಿರಿ, ಶಹಾಪುರ, ಸುರಪುರದ ಕೆಲವು ಟೊಂಕಗಳ ಮೇಲೆ ಬಂದು ಕೂತಾಗ ಜಾಗವೇನೂ ಹೊಸದಾಗಿರಲಿಲ್ಲ. ಬಾಡಿಗೆದಾರ ಮಾತ್ರ ಹೊಸಬ.

ಈ ಬಾಡಿಗೆದಾರ ಬಂದದ್ದು ಮೊದಲು ಗೊತ್ತಾಗುವುದು ದರ್ಜಿಗೆ. ಶಹಾಪುರದಲ್ಲಿ ನಾನು ಅಂಗಿ ಹೊಲಿಸುವ ದರ್ಜಿ ಕಾಕಾ ಸಫಾರಿ ಹೊಲಿಯುವುದರಲ್ಲಿ ಎತ್ತಿದ ಕೈ. ಟೇಪನ್ನು ಗಿರಾಕಿಯ ಟೊಂಕಕ್ಕೆ ಸುತ್ತುತ್ತ, ಬಾಯಲ್ಲಿ ಸೀಮೆಸುಣ್ಣದ ತುಂಡು ಕಚ್ಚಿಕೊಂಡೇ, ಕೆಲವರಿಗೆ ಮಾತ್ರ ಮೆಲ್ಲಗೆ ಕೇಳುತ್ತಾರೆ: "ಸಾಹೇಬ್ರ, ಸಾಮಾನು ಎಡಕ್ಕಿಡ್ತೀರೋ ಬಲಕ್ಕಿಡ್ತೀರೋ?" ಬಲಕ್ಕೆ ಎಂದರೆ ಸಫಾರಿಯ ಬಲ ಮಗ್ಗುಲಿಗೆ ಒಂದಿಷ್ಟು ಬಟ್ಟೆ ಹೆಚ್ಚು, ಪ್ಯಾಂಟು ಎರಡು ಇಂಚು ಸಡಿಲು, ಬೆಲ್ಟಿನ ಲೂಪು ಎರಡು ಜಾಸ್ತಿ, ಅವಕ್ಕೆ ಡಬಲ್ ಹೊಲಿಗೆ. ಒಮ್ಮೆ ನನ್ನನ್ನೂ ಕೇಳಿಬಿಟ್ಟರು. ನನ್ನ ಬಲ ಮಗ್ಗುಲಿಗಿದ್ದದ್ದು ಕನ್ನಡಕದ ಡಬ್ಬಿ. "ಕನ್ನಡಕ ರೀ ಕಾಕಾ" ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ನಾನೂ ಮತ್ತೆ ಒತ್ತಿ ಹೇಳಲಿಲ್ಲ. ಆ ದಿನ ಮನೆಗೆ ಹೋಗುವಾಗ ಸ್ವಲ್ಪ ಎದೆ ಮುಂದೆ ಮಾಡಿಯೇ ನಡೆದೆ.

ಸಫಾರಿ ಎಂಬ ಉಡುಪು ಬೇರೆಲ್ಲ ಕಡೆ ಹೋಗಿ ನಮ್ಮಲ್ಲಿ ಯಾಕೆ ಉಳಿಯಿತು ಎಂಬುದಕ್ಕೆ ಜನ ಏನೇನೋ ಕಾರಣ ಕೊಡುತ್ತಾರೆ. ನನಗೆ ತೋಚಿದ್ದು ಒಂದೇ. ಅಂಗಿಯನ್ನು ಪ್ಯಾಂಟಿನ ಹೊರಗೆ ಬಿಟ್ಟರೂ ಗೌರವ ಹೋಗದ ಉಡುಪು ಜಗತ್ತಿನಲ್ಲಿ ಅದೊಂದೇ. ಬಟ್ಟೆ ದಪ್ಪ, ಬಣ್ಣ ಕಂದು ಇಲ್ಲವೆ ಬೂದು, ಕೆಳಗೆ ಎರಡು ಅಗಲ ಕಿಸೆ. ಅದರಡಿ ಪಿಸ್ತೂಲಿರಲಿ, ಪಂಚಾಂಗವಿರಲಿ, ಬೊಜ್ಜೇ ಇರಲಿ, ಹೊರಗಿನಿಂದ ಎಲ್ಲವೂ ಒಂದೇ.

ಡಲ್ಲಾಸ್‌ನಲ್ಲಿರುವ ನಮ್ಮ ಸೋದರಳಿಯ ಹೇಳುವ ಪ್ರಕಾರ ಅಲ್ಲಿ ಇದು ದೊಡ್ಡ ಶಾಸ್ತ್ರ. ಅವನಿರುವ ಟೆಕ್ಸಾಸ್‌ನಲ್ಲಿ 2021ರಿಂದ ಪಿಸ್ತೂಲು ಒಯ್ಯಲು ಬಹುಪಾಲು ವಯಸ್ಕರಿಗೆ ಪರವಾನಗಿಯೇ ಬೇಕಿಲ್ಲ. ಹೀಗಾಗಿ ಪೂರಾ ಅಳತೆಯ ಪಿಸ್ತೂಲನ್ನು ಮುಂಜಾನೆಯಿಂದ ಸಂಜೆತನಕ ಅಂಗಿಯಡಿ ಯಾರಿಗೂ ಕಾಣದ ಹಾಗೆ, ತನಗೂ ಚುಚ್ಚದ ಹಾಗೆ ಒಯ್ಯುವುದು ಹೇಗೆಂಬುದು ಅಲ್ಲಿ ದಿನನಿತ್ಯದ ಚರ್ಚೆ. ಅಳಿಯ ಅದನ್ನು ಫೋನಿನಲ್ಲಿ ನನಗೆ ಪಾಠ ಮಾಡಿದ. ಮೊದಲನೆಯದು ಬೆಲ್ಟು: ಒಂದೂವರೆ ಇಂಚು ಅಗಲ, ಬಗ್ಗದಷ್ಟು ಗಟ್ಟಿ, ಮೆತ್ತನೆಯ ಬೆಲ್ಟಾದರೆ ಪಿಸ್ತೂಲು ಒಂದು ಕಡೆ ಜೋತು ಬೀಳುತ್ತದೆ, ಮನುಷ್ಯ ಇನ್ನೊಂದು ಕಡೆ ವಾಲುತ್ತಾನೆ. ಎರಡನೆಯದು ಜಾಗ: ಬಲಗೈಯವನಾದರೆ ಬಲ ಟೊಂಕದ ಎಲುಬಿನಿಂದ ತುಸು ಹಿಂದಕ್ಕೆ, ಹಿಡಿ ಸ್ವಲ್ಪ ಮುಂದಕ್ಕೆ ವಾಲಿರಬೇಕು. ಮೂರನೆಯದನ್ನು ಕೇಳಿ ನನಗೇ ಆಶ್ಚರ್ಯವಾಯಿತು. ಪಿಸ್ತೂಲು ಹೊರಗೆ ಗೊತ್ತಾಗುವುದು ಅದರ ನಳಿಕೆಯಿಂದಲ್ಲವಂತೆ. ನಳಿಕೆ ಎಷ್ಟೇ ಉದ್ದವಿದ್ದರೂ ಪ್ಯಾಂಟಿನೊಳಗೆ ಕಾಲಿನಗುಂಟ ಇಳಿದುಬಿಡುತ್ತದೆ. ಅಂಗಿಯನ್ನು ಎತ್ತಿ ತೋರಿಸುವುದು ಹಿಡಿ. ಅದಕ್ಕೇ ಸಣ್ಣ ಪಿಸ್ತೂಲು ಕೊಂಡವರೂ ಹಿಡಿ ದಪ್ಪಗಿದ್ದರೆ ಸಿಕ್ಕಿಬೀಳುತ್ತಾರೆ. ದೊಡ್ಡದನ್ನು ಕಟ್ಟಿಕೊಂಡವರೂ ಒಳ್ಳೆಯ ಬೆಲ್ಟು, ಅಗಲ ಅಂಗಿ ಇದ್ದರೆ ಪಾರಾಗುತ್ತಾರೆ. ತೂಕ ಹೆಚ್ಚಿದ್ದಷ್ಟೂ ಹಾರಿಸುವಾಗ ಕೈಗೆ ಧಕ್ಕೆ ಕಡಿಮೆ ಎಂಬುದು ದೊಡ್ಡದರ ಪರವಾಗಿ ಅವರು ಹೂಡುವ ವಾದ.

"ಮಾವ, ಸರಿಯಾಗಿ ಕಟ್ಟಿಕೊಂಡ್ರ ಇರೋದೇ ಗೊತ್ತಾಗಂಗಿಲ್ಲಂತ" ಎಂದ ಅಳಿಯ. ಇರುವುದೇ ಗೊತ್ತಾಗದಿದ್ದರೆ ಯಾತಕ್ಕೆ ಇಟ್ಟುಕೊಳ್ಳಬೇಕು ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವನಿಗೆ ಮೀಟಿಂಗ್ ಇತ್ತು.

ಡಲ್ಲಾಸಿನ ಶಾಸ್ತ್ರ ನಮ್ಮಲ್ಲಿ ನಡೆಯುವುದು ಕಷ್ಟ. ಅಲ್ಲಿ ಮನುಷ್ಯ ಕುರ್ಚಿಯಿಂದ ಕಾರಿಗೆ, ಕಾರಿನಿಂದ ಕುರ್ಚಿಗೆ ಹೋಗುವವನು. ನಮ್ಮವನು ಮದುವೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಬೇಕು. ಕೂತರೆ ಹಿಡಿ ನೇರವಾಗಿ ಪಕ್ಕೆಲುಬಿಗೆ. ಹುಗ್ಗಿ ಬಡಿಸುವವನು ಎರಡನೇ ಸಲ ಬಂದಾಗ ಬೇಡವೆನ್ನುತ್ತಾನೆ, ಬೀಗರು ಸಿಟ್ಟೆಂದು ತಿಳಿಯುತ್ತಾರೆ. ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋದರೆ ಅಡ್ಡಬೀಳಬೇಕು. ಗೋಗಿಯ ದರ್ಗಾಕ್ಕೆ ಹೋದರೆ ಗೆಳೆಯರು ಅಪ್ಪಿಕೊಳ್ಳುತ್ತಾರೆ. ಮೂರು ಸಲ, ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೊಂದು. ಬಲಕ್ಕೆ ಅಪ್ಪಿದವರ ಮುಖ ಬದಲಾದದ್ದನ್ನು ನಾನು ನೋಡಿದ್ದೇನೆ. ಇನ್ನು ಬಯಲಿಗೆ ಕೂರುವ ಪ್ರಸಂಗ. ಅದರ ವಿವರ ಇಲ್ಲಿ ಬೇಡ.

ಎಲ್ಲಕ್ಕಿಂತ ದೊಡ್ಡ ತೊಡಕು ಬಿಸಿಲು. ಏಪ್ರಿಲ್, ಮೇನಲ್ಲಿ ಯಾದಗಿರಿ ಸ್ಟೇಷನ್ನಿನ ಕಲ್ಲುಬೆಂಚೂ ಕೂರಗೊಡುವುದಿಲ್ಲ. ಆ ಬಿಸಿಲಿನಲ್ಲಿ ಚರ್ಮದ ಚೀಲದಲ್ಲಿಟ್ಟ ಕಬ್ಬಿಣ ಟೊಂಕಕ್ಕೆ ಅಂಟಿಕೊಂಡು ಬೆವರು ಕುಡಿಯುತ್ತದೆ, ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿಯದಿರಲೆಂದು ಎಣ್ಣೆ ಹಚ್ಚಿದರೆ ಎಣ್ಣೆ ಸಫಾರಿಗೆ ಇಳಿಯುತ್ತದೆ. ದರ್ಜಿ ಕಾಕಾ ಹಳೆಯ ಸಫಾರಿಯ ಅಸ್ತರು ನೋಡಿಯೇ ಯಾರ ಹತ್ತಿರ ಏನಿದೆ, ಎಷ್ಟು ವರ್ಷದಿಂದ ಇದೆ ಎಂದು ಹೇಳಬಲ್ಲರು. ಹೇಳುವುದಿಲ್ಲ, ಅಷ್ಟೇ.

ಮುಚ್ಚಿಟ್ಟುಕೊಳ್ಳುವುದು ನಮ್ಮಲ್ಲಿ ಬರೀ ಶೋಕಿಯಲ್ಲ, ಕಾನೂನೂ ಹೌದು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದ 2016ರ ನಿಯಮಗಳ ಪ್ರಕಾರ, ಪರವಾನಗಿ ಇದ್ದವನು ಸಾರ್ವಜನಿಕ ಸ್ಥಳಕ್ಕೆ ಪಿಸ್ತೂಲು ಒಯ್ಯುವುದಾದರೆ ಅದಕ್ಕೆಂದೇ ಮಾಡಿದ ಚೀಲದಲ್ಲಿಟ್ಟು, ಪೂರ್ತಿ ಮುಚ್ಚಿಕೊಂಡು, ಕೈಯ ಹತೋಟಿಯಲ್ಲಿರುವಂತೆ ಒಯ್ಯಬೇಕು. 2019ರ ತಿದ್ದುಪಡಿ ಬಂದ ಮೇಲೆ ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು. ಒಬ್ಬನ ಹೆಸರಿಗೆ ಮೂರರ ಬದಲು ಎರಡೇ ಆಯುಧ. ಒಂಬತ್ತು ಮಿಲಿಮೀಟರಿನದು ಸಾಮಾನ್ಯರಿಗೆ ನಿಷಿದ್ಧ. ಹೀಗಾಗಿ ನಮ್ಮ ಸಾಹುಕಾರರ ಪಾಲಿಗೆ ಬರುವುದು ಹೆಚ್ಚಾಗಿ ಕಾನ್ಪುರದ ಸರ್ಕಾರಿ ಕಾರ್ಖಾನೆಯ ಪಾಯಿಂಟ್ ಮೂವತ್ತೆರಡು ರಿವಾಲ್ವರು, ಆರು ಗುಂಡಿನದು. ಕಾನ್ಪುರದಿಂದಲೇ 2014ರಲ್ಲಿ ನಿರ್ಭೀಕ್ ಎಂದು ಅರ್ಧ ಕಿಲೋದ ಹಗುರ ರಿವಾಲ್ವರು ಹೆಂಗಸರ ಕೈಚೀಲಕ್ಕೆಂದು ಹೊರಬಂತು. ಆಗ ಅದರ ಬೆಲೆ ಲಕ್ಷದ ಮೇಲಿತ್ತು. ಕೊಳ್ಳಲು ವಿಚಾರಿಸಿದವರಲ್ಲಿ ಗಂಡಸರೇ ಹೆಚ್ಚಿದ್ದಿರಬೇಕೆಂಬುದು ನನ್ನ ಗುಮಾನಿ.

ಪರವಾನಗಿ ಸಿಗುವುದು ಸುಲಭವಲ್ಲ. ಹೊಲಕ್ಕೆ ಹಂದಿಕಾಟ ಎಂದು ಬರೆದುಕೊಟ್ಟರೆ ಒಂಟಿನಳಿಕೆಯ ಬಂದೂಕಿಗೆ ದಾರಿಯಾದೀತು. ರಿವಾಲ್ವರು ಬೇಕೆಂದರೆ ಜೀವಕ್ಕೆ ಅಪಾಯವಿದೆ ಎಂದು ತೋರಿಸಬೇಕು, ಪೊಲೀಸರು ವಿಚಾರಿಸಿ ವರದಿ ಕೊಡಬೇಕು, ಕೊನೆಗೆ ಜಿಲ್ಲಾಧಿಕಾರಿ ಒಪ್ಪಬೇಕು. ನನಗೆ ಬೇಕಾದ ತೊಗರಿ ಸಾಹುಕಾರರೊಬ್ಬರು ಅರ್ಜಿ ಹಾಕಿದ್ದರು. ಒಳ್ಳೆಯ ಮನುಷ್ಯ, ದಾಸೋಹಕ್ಕೆ ಚೀಲಗಟ್ಟಲೆ ಬೇಳೆ ಕೊಡುವವರು. ಠಾಣೆಯ ವರದಿ ಹೀಗಿತ್ತಂತೆ: ಅರ್ಜಿದಾರರಿಗೆ ಯಾವ ಶತ್ರುಗಳೂ ಇರುವುದಿಲ್ಲ. ಇದನ್ನು ಕೇಳಿ ಸಾಹುಕಾರರಿಗೆ ಆದ ಅವಮಾನ ಅಷ್ಟಿಷ್ಟಲ್ಲ. "ನಲವತ್ತು ವರ್ಷ ವ್ಯಾಪಾರ ಮಾಡೀನಿ. ಒಬ್ಬರೆ ವೈರಿ ಇಲ್ಲಂದ್ರ ಹೆಂಗ್ರಿ? ನಾ ಏನು ಕೆಲಸಿಲ್ಲದ ಮನುಷ್ಯಾ ಏನು?" ಎಂದು ನನ್ನೆದುರು ಅಳುವುದೊಂದು ಬಾಕಿ. ಆಮೇಲೆ ಹಳೆಯ ಪಾಲುದಾರರೊಬ್ಬರನ್ನು ಹಿಡಿದು, ನೀ ನನಗೆ ವೈರಿ ಎಂದು ಒಂದು ಮಾತು ಹೇಳಪ್ಪಾ ಎಂದು ಕೇಳಿಕೊಂಡರಂತೆ. ಪಾಲುದಾರ, "ಛೇ, ನಿನ್ನ ಉಪ್ಪು ಉಂಡೀನಿ" ಎಂದು ಕೈಮುಗಿದನಂತೆ. ಆ ಮಾತಿನ ಮೇಲೇ ಇಬ್ಬರಿಗೂ ಜಗಳ ಹತ್ತಿತು.

ಅಂತೂ ಎಷ್ಟೋ ದಿನದ ಮೇಲೆ ಲೈಸನ್ಸ್ ಬಂತು, ರಿವಾಲ್ವರೂ ಬಂತು. ಮೊದಲ ತಿಂಗಳು ಸಾಹುಕಾರರು ಅದನ್ನು ಕಟ್ಟಿಕೊಂಡೇ ಎಪಿಎಂಸಿಗೆ ಹೋದರು. ನಿಯಮದ ಪ್ರಕಾರ ಪೂರ್ತಿ ಮುಚ್ಚಿಕೊಂಡೇ ಹೋದರು. ಆದರೆ ಮೇಲಿಂದ ಮೇಲೆ ಬೆವರು ಒರೆಸುವ ನೆಪದಲ್ಲಿ ಅಂಗಿಯ ಅಂಚು ಎತ್ತುವುದು, ಕೂರುವಾಗ "ಅಮ್ಮಾ" ಎಂದು ಬಲ ಮಗ್ಗುಲು ಒತ್ತಿ ಹಿಡಿಯುವುದು, "ಏನಾಯ್ತ್ರಿ ಸಾಹುಕಾರ?" ಎಂದು ಯಾರಾದರೂ ಕೇಳಲಿ ಎಂದು ಕಾಯುವುದು. ಅಮೆರಿಕದವನು ಬಚ್ಚಿಡುವುದು ಯಾರಿಗೂ ಗೊತ್ತಾಗದಿರಲೆಂದು. ನಮ್ಮವರು ಬಚ್ಚಿಡುವುದು, ಬಚ್ಚಿಟ್ಟದ್ದು ಎಲ್ಲರಿಗೂ ಗೊತ್ತಾಗಲೆಂದು. ಊರಿಗೆಲ್ಲ ಗೊತ್ತಾದ ಮೇಲೆ ರಿವಾಲ್ವರಿನ ಕೆಲಸ ಮುಗಿಯಿತು. ಟೊಂಕದಿಂದ ಕಾರಿನ ಡ್ಯಾಶ್‌ಬೋರ್ಡಿಗೆ, ಅಲ್ಲಿಂದ ತಿಜೋರಿಗೆ ಹೋಯಿತು. ಅಷ್ಟರಲ್ಲಿ ಚುನಾವಣೆ ಬಂದು, ನೀತಿ ಸಂಹಿತೆ ಜಾರಿಯಾಗಿ, ಎಲ್ಲರೂ ತಮ್ಮ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂದು ಹುಕುಂ ಆಯಿತು. ನಮ್ಮಲ್ಲಿ ಚುನಾವಣೆಗಳಿಗೇನು ಬರ? ಗ್ರಾಮ ಪಂಚಾಯ್ತಿ, ವಿಧಾನಸಭೆ, ಲೋಕಸಭೆ, ನಡುವೆ ಉಪಚುನಾವಣೆ. ರಿವಾಲ್ವರು ಸಾಹುಕಾರರ ಮನೆಯಲ್ಲಿದ್ದದ್ದಕ್ಕಿಂತ ಠಾಣೆಯ ಕಪಾಟಿನಲ್ಲಿದ್ದದ್ದೇ ಹೆಚ್ಚಾಯಿತು. "ಅಲ್ಲಿದ್ದಾಗ ನನಗ ಚಲೋ ನಿದ್ದಿ ಬರ್ತದ ನೋಡ್ರಿ" ಎನ್ನುತ್ತಾರೆ ಅವರು. ಫಲಿತಾಂಶ ಬಂದ ಮೇಲೂ ಬಿಡಿಸಿಕೊಂಡು ಬರಲು ಅವಸರ ಮಾಡುವುದಿಲ್ಲ.

ನಿಜವಾಗಿ ದಿನಾಲೂ ಪೂರಾ ಅಳತೆಯ ಪಿಸ್ತೂಲನ್ನು ಬಟ್ಟೆಯಡಿ ಹೊತ್ತು ತಿರುಗುವವರು ಬೇರೆ. ಅವರು ಗನ್‌ಮ್ಯಾನ್‌ಗಳು. ದೊಡ್ಡವರ ಕಾರಿನ ಮುಂದಿನ ಸೀಟಿನಲ್ಲಿ ಸಫಾರಿ ತೊಟ್ಟು ಕೂರುವ, ಕಾರು ನಿಲ್ಲುವ ಮೊದಲೇ ಇಳಿಯುವ ಪೊಲೀಸರು. ಅವರ ಹತ್ತಿರ ಹೆಚ್ಚಾಗಿ ಇರುವುದು ಬಂಗಾಳದ ಈಶಾಪುರ ಕಾರ್ಖಾನೆಯ ಒಂಬತ್ತು ಮಿಲಿಮೀಟರಿನ ಪಿಸ್ತೂಲು. ಮ್ಯಾಗಜೀನಿಗೆ 13 ಗುಂಡು, ತುಂಬಿದರೆ ಕಿಲೋದ ಆಸುಪಾಸು. ಶಹಾಪುರದ ಖಾನಾವಳಿಯೊಂದರಲ್ಲಿ ಅಂಥವರೊಬ್ಬರ ಪರಿಚಯವಾಯಿತು. ಸಾಹೇಬರು ಒಳಗಿನ ಕೋಣೆಯಲ್ಲಿ ಮಾತಿಗೆ ಕೂತಿದ್ದರು. ಇವರು ಹೊರಗೆ, ಬಲ ಮಗ್ಗುಲನ್ನು ಗೋಡೆಗೆ ಕೊಟ್ಟು, ಎಡಗಡೆ ಬಾಗಿಲು ಕಾಣುವ ಹಾಗೆ ಕೂತು ರೊಟ್ಟಿ, ಪುಂಡಿ ಪಲ್ಯ ತಿನ್ನುತ್ತಿದ್ದರು. ಎಡಗೈ ತೊಡೆಯ ಮೇಲೆ ಅಲ್ಲಾಡದೆ ಇತ್ತು.

"ಭಾರ ಅನಸಂಗಿಲ್ಲೇನ್ರಿ?" ಎಂದೆ.

"ಮೊದಲ್ನೇ ವರ್ಷ ಟೊಂಕದ ಎಲುವಿನ ಮ್ಯಾಲ ಹುಣ್ಣಾಗಿತ್ರಿ. ಈಗ ಅಲ್ಲಿ ತೊಗಲು ದಪ್ಪಾಗ್ಯಾದ. ಬಿಚ್ಚಿಟ್ಟ ದಿನಾನ ನಡಗಿ ವಾಲತದ."

ಅಳಿಯನ ಡಲ್ಲಾಸ್ ಶಾಸ್ತ್ರವನ್ನೆಲ್ಲ ಇವರ ಮುಂದಿಟ್ಟೆ. ಬೆಲ್ಟಿನ ಮಾತಿಗೆ ತಲೆಯಾಡಿಸಿದರು. ಅವರದು ಮೋಚಿಯ ಕಡೆಯಿಂದ ಒಳಗೆ ಇನ್ನೊಂದು ಪದರ ಚರ್ಮ ಹೊಲಿಸಿದ್ದು. ಪ್ಯಾಂಟಿನೊಳಗೆ ಇಡುವುದನ್ನು ಮಾತ್ರ ಒಪ್ಪಲಿಲ್ಲ. ನಮ್ಮ ಬೆವರಿಗೆ ಅದಾಗದು, ಹೊರಗೆ ಬೆಲ್ಟಿಗೇ ಇರಬೇಕು, ಅದರಡಿ ಬನಿಯನ್ ಉದ್ದವಿರಬೇಕು, ರಾತ್ರಿ ಅರಬಿಯಿಂದ ಒರೆಸಿ ತೆಳ್ಳಗೆ ಎಣ್ಣೆ ಕೊಡಬೇಕು. ಇಷ್ಟು ಹೇಳಿ ಒಳಗಿನ ಕೋಣೆಯ ಕಡೆ ಕಣ್ಣು ಹಾಯಿಸಿದರು. ಅಲ್ಲಿ ಸಾಹೇಬರು ತೆಳ್ಳನೆಯ ಬಿಳಿ ಖಾದಿ ಅಂಗಿಯಲ್ಲಿ, ಕಾಲ ಮೇಲೆ ಕಾಲು ಹಾಕಿ ನಗುತ್ತಿದ್ದರು. ಆರಾಮು ಅವರದು, ಕಿಲೋ ಇವರದು.

ಈ ಸೀಮೆಯಲ್ಲಿ ಆಯುಧ ಮುಚ್ಚಿಕೊಳ್ಳುವ ಚಾಳಿ ಮೊದಲಿನಿಂದ ಇದ್ದದ್ದಲ್ಲ. ಸುರಪುರದ ಬೇಡರು ಬಂದೂಕಿನ ಗುರಿಗೆ ದಖ್ಖನಿಗೆಲ್ಲ ಹೆಸರಾದವರು. 1705ರಲ್ಲಿ ಮೊಗಲ ಬಾದಶಹ ಔರಂಗಜೇಬ, ಎಂಬತ್ತಾರು ದಾಟಿದ ಮುದುಕ, ತಾನೇ ಸೈನ್ಯದೊಂದಿಗೆ ಬಂದು ಸುರಪುರದ ಹತ್ತಿರದ ವಾಗಣಗೇರಿಯ ಕೋಟೆಗೆ ಮುತ್ತಿಗೆ ಹಾಕಿದ. ಅವನ ಬದುಕಿನ ಕೊನೆಯ ಮುತ್ತಿಗೆ ಅದು. ತಿಂಗಳುಗಟ್ಟಲೆ ಕಾಡಿಸಿ, ಕೊನೆಗೆ ಬೇಡರ ದೊರೆ ಪಿಡ್ಡನಾಯಕ ರಾತ್ರೋರಾತ್ರಿ ಜಾರಿಕೊಂಡ. ಬಾದಶಹನಿಗೆ ಬರಿದಾದ ಕೋಟೆ ಸಿಕ್ಕಿತು. ಆ ಬಂದೂಕುಗಳು ಆಳುದ್ದ. ಬೇಕೆಂದರೂ ಎಲ್ಲಿ ಬಚ್ಚಿಡುವುದು? ಹೆಗಲ ಮೇಲೆ ಹೊತ್ತು, ಎದೆ ತೆರೆದು ನಡೆಯುವುದು, ಅಷ್ಟೇ. ಆಯುಧ ಬಚ್ಚಿಡುವುದನ್ನು ಕಲಿಸಿದ್ದು ಕಂಪನಿ ಸರ್ಕಾರ. 1857ರಲ್ಲಿ ಆಯುಧ ಒಪ್ಪಿಸಿರೆಂಬ ಕಾನೂನು ಬಂದಾಗ ಮುಧೋಳದ ಹಲಗಲಿಯ ಬೇಡರು ಒಪ್ಪಿಸೆವು ಎಂದರು, ಪ್ರಾಣ ತೆತ್ತರು. 1878ರ ಕಾಯ್ದೆ ಬಂದಮೇಲೆ ದೇಶಕ್ಕೆಲ್ಲ ಲೈಸನ್ಸ್. ಕೊಡವರಿಗೆ ವಿನಾಯಿತಿ. ಅವರು ಇವತ್ತಿಗೂ ಕೈಲ್‌ಪೊಳ್ದ್ ಹಬ್ಬದ ದಿನ ತೋಕು, ಅಂದರೆ ಬಂದೂಕು, ಹೊರಗಿಟ್ಟು ಹೂ ಮುಡಿಸುತ್ತಾರೆ. ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ಟೊಂಕದ ಪಿಸ್ತೂಲಿಗೂ ನಮಗೂ ಇರುವ ದೊಡ್ಡ ಕಥೆ ಸುರಪುರದ ಕೊನೆಯ ದೊರೆ ರಾಜಾ ವೆಂಕಟಪ್ಪ ನಾಯಕರದು. ಅವರು ಸಣ್ಣವರಿದ್ದಾಗ ಸಂಸ್ಥಾನ ನೋಡಿಕೊಳ್ಳಲು ಬಂದವನು ಇಂಗ್ರೇಜಿ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. 1853ರವರೆಗೆ ಇದ್ದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂದು ಈಗಲೂ ನಿಂತಿದೆ. ರಾಜರು ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದರು. 1858ರ ಫೆಬ್ರುವರಿಯಲ್ಲಿ ಸುರಪುರದ ಮುಂದೆ ಇಂಗ್ರೇಜಿಯವರೊಂದಿಗೆ ಕಾಳಗವಾಯಿತು. ಅವರ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜರು ಹೈದರಾಬಾದಿನಲ್ಲಿ ಸೆರೆಯಾದರು. ಸಿಕಂದರಾಬಾದಿನ ಸೆರೆಗೆ ಟೇಲರ್ ನೋಡಲು ಹೋದ. ಶಿಕ್ಷೆ ಇಳಿಯುತ್ತ ಬಂದು ನಾಲ್ಕು ವರ್ಷದ ಸೆರೆ ಎಂದಾಯಿತು. ಮದರಾಸಿನ ಹತ್ತಿರದ ಚೆಂಗಲ್ಪಟ್ಟಿನಲ್ಲಿ ಇಡುವುದು, ನಡತೆ ನೋಡಿ ಸಂಸ್ಥಾನ ಮರಳಿಸುವುದು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಗಂಡಾಂತರ ಎಂದು ಜಾತಕ ಬರೆದವರ ಮಾತು ಸುಳ್ಳಾಯಿತಲ್ಲ ಎಂದು ಟೇಲರ್ ಸಮಾಧಾನಪಟ್ಟುಕೊಂಡ.

ಆಮೇಲಿನದು, ಟೇಲರ್ ತೀರಿಕೊಂಡ ಮೇಲೆ ಅಚ್ಚಾದ ಅವನ ಆತ್ಮಕಥೆಯ ಪ್ರಕಾರ ಹೀಗೆ. ಚೆಂಗಲ್ಪಟ್ಟಿನ ದಾರಿಯ ಮೊದಲ ಮಜಲಿನಲ್ಲೇ ಡೇರೆ ಬಿತ್ತು. ಕಾವಲಿನ ಅಧಿಕಾರಿ ರಿವಾಲ್ವರಿದ್ದ ಬೆಲ್ಟನ್ನು ಬಿಚ್ಚಿ ಇಟ್ಟು ಹೊರಗೆ ಹೋದ. ಗುಂಡಿನ ಸಪ್ಪಳ ಕೇಳಿ ಓಡಿ ಬಂದರೆ ರಾಜರು ಬಿದ್ದಿದ್ದರು. ಎರಡು ವರ್ಷದ ಮೇಲೆ, 1860ರಲ್ಲಿ, ಇಂಗ್ರೇಜಿಯವರು ಸುರಪುರವನ್ನು ನಿಜಾಮನಿಗೆ ಇನಾಮು ಕೊಟ್ಟರು.

ಆ ಕಾಲದ ಸೈನ್ಯದ ರಿವಾಲ್ವರು ಅಂದರೆ ಸಣ್ಣದಲ್ಲ. ಆಗ ಹೆಸರಾಗಿದ್ದ ಕೋಲ್ಟ್ ನೇವಿಯೇ ಒಂದು ಕಿಲೋ ಇನ್ನೂರು ಗ್ರಾಮಿನಷ್ಟು. ಮೇಲೆ ಉಣ್ಣೆಯ ಅಂಗರಖಾ, ಬೂಟು, ಕುದುರೆಯ ಪ್ರಯಾಣ. ಟೇಲರನ ಮಾತು ನಿಜವಾದರೆ ಒಂದು ಟೊಂಕ ಒಂದು ಗಳಿಗೆ ಹಗುರಾಗಬೇಕೆಂದು ಬಯಸಿದ್ದಕ್ಕೆ ಒಂದು ಸಂಸ್ಥಾನ ಹೋಯಿತು. ಆದರೆ ಸುರಪುರದಲ್ಲಿ ಈ ಕಥೆಯನ್ನು ಹೇಳಿ ನೋಡಿ! ಟೇಲರ್ ಮಂಜಿಲಿನ ಕಡೆ ಒಂದು ಸಂಜೆ ಕಟ್ಟೆಯ ಮೇಲೆ ಕೂತ ಮುತ್ಯಾ ಒಬ್ಬರ ಮುಂದೆ ನಾನು ಹೇಳಿ ಬೈಸಿಕೊಂಡೆ. "ಬೆಲ್ಟ ಬಿಚ್ಚಿಟ್ಟು ಹೊರಗ ಹೋದಾ ಅಂತ ಬರದಾರ. ಬರದಂವ ಯಾರು? ಅವ್ರಂವಾನ. ಸತ್ತಂವ ಏನರ ಬರದಿಟ್ಟಾನೇನು?" ಇಂಗ್ರೇಜಿಯವರೇ ಕೊಂದರು ಎಂಬುದು ಇಲ್ಲಿನ ಬಹಳ ಮಂದಿಯ ನಂಬಿಕೆ. ಮುತ್ಯಾರ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಟೇಲರನಂತೂ ಡೇರೆಯಲ್ಲಿ ಇದ್ದವನಲ್ಲ.

ಇಂಥ ವ್ಯಾಜ್ಯವನ್ನು ಇತಿಹಾಸದ ಪ್ರೊಫೆಸರರ ಹತ್ತಿರ ಒಯ್ಯಬೇಕು. ನಾನು ಖಾನಾವಳಿಯ ಗನ್‌ಮ್ಯಾನ್ ಹತ್ತಿರ ಒಯ್ದೆ. ಅವರು ಸುರಪುರದ ಕಡೆಯವರೇ. ಕಥೆ ಗೊತ್ತಿತ್ತು, ಬೆಲ್ಟಿನ ವಿಷಯ ಗೊತ್ತಿರಲಿಲ್ಲ. ತಿನ್ನುವುದನ್ನು ನಿಲ್ಲಿಸಿ ಕೇಳಿದರು.

"ಯಾವ ತಿಂಗಳ್ರಿ ಅದು?"

"ಬ್ಯಾಸಗಿ."

"ಮಜಲು ಮುಗಿಸಿ ಡೇರೆಕ್ಕ ಬಂದಿದ್ರೇನು?"

"ಹೌದು."

ಸ್ವಲ್ಪ ಹೊತ್ತು ರೊಟ್ಟಿಯ ತುಂಡನ್ನು ಬೆರಳಲ್ಲಿ ತಿರುಗಿಸಿದರು. "ಬಿಚ್ಚಿರ್ತಾನ್ರಿ. ಬ್ಯಾಸಗ್ಯಾಗ ದಿನಾ ಪೂರಾ ಕಟ್ಟಿದಂವ ಡೇರೆದಾಗ ಬಂದ ಕೂಡ್ಲೆ ಬಿಚ್ಚೇ ಬಿಚ್ಚತಾನ. ನಾನೂ ಬಿಚ್ಚತೀನಿ." ಮುತ್ಯಾ ಸೋತರು ಎಂದುಕೊಂಡೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು: "ಆದ್ರ ಬಿಚ್ಚಿ ಅಲ್ಲೇ ಇಡಂಗಿಲ್ರಿ. ಕೈಯಾಗ ಹಿಡಕೊಂಡ ಹೊರಗ ಹೋಗ್ತೀವಿ. ಪಾಯಖಾನಿಗಿ ಹೋದ್ರೂ ಕೈಯಾಗ. ಕೈದಿ ಮುಂದ ಇಟ್ಟು ಹೋದಾ ಅಂದ್ರ ನಂಬಂಗಿಲ್ರಿ ನಾ. ಇಟ್ಟಿದ್ರ, ಇಡಬೇಕಂತನ ಇಟ್ಟಿರಬೇಕು."

"ಹಂಗಂದ್ರ?"

ಒಳಗೆ ಕುರ್ಚಿ ಸರಿದ ಸಪ್ಪಳವಾಯಿತು. ಅವರು ಆಗಲೇ ಎದ್ದು, ಸಫಾರಿಯ ಬಲ ಅಂಚನ್ನು ಕೆಳಕ್ಕೆ ಎಳೆದುಕೊಂಡು, ಬಾಗಿಲಿಗೆ ಹೋಗಿ ನಿಂತಿದ್ದರು. "ಬಿಲ್ಲು ಸಾಹೇಬ್ರು ಕೊಟ್ಟಾರ್ರಿ, ನಿಮ್ಮ ಚಹಾದ್ದೂ ಸೇರಿ" ಎಂದು ಖಾನಾವಳಿಯ ಹುಡುಗ ಹೇಳಿದ.